ಗೋಡೆ ಬೀಳೋದು ಬಿಸಿಲಿಗೆ

ದೇವಿರಮ್ಮ ಬೈಯುವುದಕ್ಕೆ ನಿಂತಳು ಅಂದರೆ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಒಲೆಯ ಮೇಲೆ ಹಾಲಿಟ್ಟವರೂ ಹಾಲನ್ನು ಅದರ ಹಣೆಬರಹಕ್ಕೆ ಬಿಟ್ಟು ಬೀದಿಗೆ ಓಡಿ ಬರುತ್ತಿದ್ದರು. ಎಷ್ಟು ಮನೆಯ ಹಾಲು ಉಕ್ಕಿತೋ, ಎಷ್ಟು ಮನೆಯ ಅನ್ನ ಸೀದುಹೋಯಿತೋ, ಆ ದೇವರೇ ಬಲ್ಲ. ಅಂಥ ಬಾಯಿ ಅದು. ಆಳು ನೋಡಿದರೆ ಒಂದು ಹಿಡಿ. ಮೊಣಕೈವರೆಗೂ ಯಾವಾಗಲೂ ಸುಣ್ಣ. ಸೆರಗು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳೋ, ಮುಗಿಯಿತು, ಎದುರಿಗಿದ್ದವರ ಸತ್ತ ಅಜ್ಜಂದಿರೂ ಎದ್ದು ಕೂತು ಕೇಳಬೇಕು. ನಿನ್ನ ಬಾಯಿಗೆ ಮಣ್ಣಾಕ, ನಿನ್ನ ನಾಲಿಗೆ ಸೇದೋಗ, ನಿನ್ನ ಕಣ್ಣು ಇಂಗೋಗ, ನಿನ್ನ ಹೆಣ ಎತ್ತ! ಒಂದನ್ನೂ ಬಿಡುತ್ತಿರಲಿಲ್ಲ. ಆದರೆ ಕಿವಿಗೊಟ್ಟು ಕೇಳಿದವರಿಗೆ ಒಂದು ವಿಷಯ ಗೊತ್ತಾಗುತ್ತಿತ್ತು. ನಮ್ಮ ಕಡೆ ಹಾಲುಗಲ್ಲದ ಮಕ್ಕಳ ಬಾಯಲ್ಲೂ ಉದುರುವ ಬೈಗುಳ ‘ನಿನ್ನ ಮನೆ ಬಿದ್ದೋಗ’. ಅದನ್ನು ಮಾತ್ರ ದೇವಿರಮ್ಮ ಯಾರಿಗೂ ಅಂದವಳಲ್ಲ, ಪರಮ ಶತ್ರುವಿಗೂ ಅಂದವಳಲ್ಲ.

ಯಾಕೆ ಅಂದರೆ, ಮನೆ ಬೀಳುವುದು ಅಂದರೆ ಏನು ಅಂತ ಅವಳಿಗೆ ಗೊತ್ತಿತ್ತು.

ಸ್ವಾತಂತ್ರ್ಯ ಬಂದ ವರ್ಷದ ಹಿಂಗಾರು. ಅವಳ ಗಂಡ ಕೆಂಪಯ್ಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ಮಣ್ಣಿನ ಗೋಡೆ, ನಾಡಹೆಂಚಿನ ಒಂದಂಕಣದ ಮನೆ. ಐದು ದಿನ ಮಳೆ ಬಿಡದೆ ಹೊಡೆಯಿತು. ಗೋಡೆಗೆ ಹೆದರಿ ಗಂಡ, ಹೆಂಡತಿ, ಎಂಟು ವರ್ಷದ ಮಗಳು ಪಂಕಜಾ, ಮೂವರೂ ಬೀದಿಯ ಕೊನೆಯ ಕಲ್ಲುಮಂಟಪದಲ್ಲಿ ಮುದುರಿಕೊಂಡಿದ್ದರು. ಆರನೇ ದಿನ ಬೆಳಿಗ್ಗೆ ಚುರುಚುರು ಬಿಸಿಲು. ಕೆಂಪಯ್ಯ ಮೈಮುರಿದು ಎದ್ದ. “ಬಿಸಿಲು ಬಂತಲ್ಲ, ಇನ್ಯಾತರ ಭಯ?” ಅಂದ. ಮನೆಗೆ ಹೋಗಿ ಚಾಪೆ ಹಾಸಿಕೊಂಡು ಮಲಗಿದ. ಐದು ದಿನದ ನಿದ್ದೆ ಬಾಕಿ ಇತ್ತಲ್ಲ, ಪಾಪ. ದೇವಿರಮ್ಮ ಮಗಳನ್ನು ಕರಕೊಂಡು ಬಟ್ಟೆ ಒಗೆಯಲು ಹೋಗಿದ್ದಳು. ಐದು ದಿನದ ಮಳೆಗೆ ಜಗ್ಗದೆ ನಿಂತಿದ್ದ ಗೋಡೆ ಒಂದು ಹೊತ್ತಿನ ಬಿಸಿಲಿಗೆ ಅವನ ಮೇಲೆ ಬಿತ್ತು.

ಊರವರು ಅಂದುಕೊಂಡರು, ಇವಳು ಎದೆ ಬಡಿದುಕೊಂಡು ಅಳುತ್ತಾಳೆ ಅಂತ. ಅವಳು ಅಳಲಿಲ್ಲ. ಹೆಣ ಮಣ್ಣು ಮಾಡಿ ಬಂದ ಮೇಲೆ ಮೂರು ದಿನ ಆ ಬಿದ್ದ ಗೋಡೆಯ ಸುತ್ತಲೇ ಸುತ್ತಿದಳು. ಹೆಂಟೆ ಒಡೆದು ನೋಡಿದಳು, ಮೂಸಿದಳು. ಹೊರಗಡೆ ನಾಲ್ಕು ಬೆರಳು ದಪ್ಪ ರೊಟ್ಟಿಯ ಹಾಗೆ ಒಣಗಿದೆ. ಒಳಗೆ ಬೆರಳು ಹಾಕಿದರೆ ಇನ್ನೂ ಅಂಬಲಿ. ಆಗ ಅವಳಿಗೆ ತಿಳಿಯಿತು. ಮಳೆಯಲ್ಲಿ ಗೋಡೆ ನೀರು ಕುಡಿಯುತ್ತಾ ಕೂರುತ್ತದೆ, ಬೀಳುವುದಿಲ್ಲ. ಬಿಸಿಲು ಬಿದ್ದಾಗ ಹೊರಗಿನ ಮಣ್ಣು ಬಿಗಿದುಕೊಂಡು ಬಿರಿಯುತ್ತದೆ, ಒಳಗಿನ ಮಣ್ಣಿಗೆ ಹಿಡಿತವೇ ಇರುವುದಿಲ್ಲ, ನೆನೆದ ಹೆಂಚಿನ ಭಾರ ಬೇರೆ ಮೇಲೆ. ಬುಡ ಕೈಬಿಟ್ಟುಬಿಡುತ್ತದೆ. ಇಡೀ ಮೈಸೂರು ಮಳೆಗೆ ಹೆದರಿ ಮನೆ ಬಿಟ್ಟು, ಬಿಸಿಲು ಕಂಡು ಮನೆಗೆ ಓಡುತ್ತದೆ. ಸಾಯುವುದಕ್ಕೇ ಓಡುತ್ತದೆ. ಈ ಸಣ್ಣ ವಿಷಯ ಹೇಳುವುದಕ್ಕೆ ಒಬ್ಬನೇ ಒಬ್ಬ ಗಂಡಸು ಊರಲ್ಲಿ ಇರಲಿಲ್ಲವಾ ಅಂತ ಅವಳಿಗೆ ಬಂದ ಸಿಟ್ಟು ಸಾಯುವವರೆಗೂ ಇಳಿಯಲಿಲ್ಲ.

ಬಿದ್ದ ಗೋಡೆಯನ್ನು ತಾನೇ ಮತ್ತೆ ಎಬ್ಬಿಸಿದಳು. ಅವತ್ತಿನಿಂದ ಗೋಡೆಯೇ ಅವಳ ಕಸುಬಾಯಿತು. ಸುಣ್ಣ ಬಳಿಯುವುದು, ಮಣ್ಣು ಮೆತ್ತುವುದು, ದಸರೆಗೆ ಮುಂಚೆ ಸಾರಿಸುವುದು. ಅದು ಹೊಟ್ಟೆಪಾಡು. ಅದರ ಜೊತೆಗೆ, ಯಾರೂ ಕೇಳದೆ, ಯಾರೂ ಕಾಸು ಕೊಡದೆ, ಇನ್ನೊಂದು ಕೆಲಸ. ಮುಂಗಾರಿಗೆ ಮುಂಚೆಯೇ ಮನೆಮನೆ ಬಾಗಿಲಿಗೆ ಹೋಗಿ ಗಂಟಲು ಹರಿದುಕೊಳ್ಳುವಳು: “ಎಂಚು ಕೈಯಾಡಿಸ್ರೋ. ಗೋಡೆ ಬುಡಕ್ಕೆ ಮಣ್ಣು ಏರಿಸಿ ನೀರು ಆಚೆ ಓಗಂಗೆ ಮಾಡ್ರೋ. ಗಾಳಿ ಬೀಸೋ ಕಡೆ ಸೋಗೆ ತಟ್ಟಿ ಕಟ್ರೋ.” ಮಳೆ ನಿಂತು ಬಿಸಿಲು ಬಿದ್ದ ಮೊದಲ ಬೆಳಿಗ್ಗೆ ಮತ್ತೆ ಸುತ್ತು. ಬೆರಳಗೆಣ್ಣಿನಿಂದ ಗೋಡೆಗೆ ಕುಟ್ಟುವಳು. ಠಣ್ ಅಂದರೆ ಮುಂದಿನ ಮನೆ. ದಬ್ ಅಂದರೆ ಬಂತು ಮಾರಿ: ಒಳಗೆ ನುಗ್ಗಿ ಆ ಮನೆಯ ಪಾತ್ರೆಪಡಗ, ಚಾಪೆ, ಮಲಗಿದ್ದ ಮುದುಕಿ, ಎಲ್ಲವನ್ನೂ ಎತ್ತಿ ಬೀದಿಗೆ ಹಾಕುವಳು. “ಮೂರು ದಿನ ಆಚೆ ಮನಿಕ್ಕೊಳ್ಳಿ. ಒಳಗೆ ಕಾಲಿಟ್ರೆ ಕಾಲು ಮುರೀತೀನಿ.”

ಜನ ಕೈಮುಗಿದರು ಅಂದುಕೊಂಡಿರಾ? ಎಲ್ಲಿ ಬಂತು! ಹತ್ತು ವರ್ಷದಲ್ಲಿ ಅವಳು ದಬ್ ಅಂದ ಮನೆಗಳಲ್ಲಿ ಬಿದ್ದದ್ದು ಎರಡು, ಬೀಳದೆ ನಿಂತದ್ದು ಹನ್ನೊಂದು. ಜನ ನೆನಪಿಟ್ಟುಕೊಂಡದ್ದು ಹನ್ನೊಂದನ್ನು. “ಗಂಡನ್ನ ತಿಂದ್ಕೊಂಡು ತಲೆ ಕೆಟ್ಟೋಗದೆ” ಅಂದರು. ಮಗಳ ಮದುವೆಯ ಊಟದಲ್ಲೂ ಅಂದರು.

ಆ ಮಗಳು ಪಂಕಜಾ ತಾಯಿಯದೇ ಪಡಿಯಚ್ಚು. ಅದೇ ಕಣ್ಣು, ಅದೇ ಹಟ, ಬಾಯಿ ಮಾತ್ರ ಕಡಿಮೆ. ಅವಳ ಸಿಟ್ಟು ಒಳಗೇ ಕುದಿಯುವಂಥದ್ದು. ಮರ ಕೊಯ್ಯುವ ಸಾಮಿಲ್ಲಿನಲ್ಲಿ ಕೆಲಸ ಮಾಡುವ ಮಹದೇವು ಅಂತ ಒಬ್ಬ ಸಾಧು ಹುಡುಗನಿಗೆ ಕೊಟ್ಟರು. ಚೊಚ್ಚಲ ಬಾಣಂತನಕ್ಕೆ ತೌರಿಗೆ ಬಂದಳು. ಗಂಡು ಕೂಸು. ಎರಡು ತಿಂಗಳಾಗಿತ್ತು, ಶೀತವಾಗಿ ಜ್ವರ ಏರಿತು. ಹೊರಗೆ ವಾರದ ಮಳೆ. ಎಂಟನೇ ದಿನ ಬೆಳಿಗ್ಗೆ ಬಿಸಿಲು ಬಂತು. ದೇವಿರಮ್ಮ ಸೆರಗು ಸಿಕ್ಕಿಸಿದಳು.

“ಅವ್ವ, ಇವತ್ತು ಓಗಬ್ಯಾಡ. ಕೂಸು ಕಣ್ಣು ಬುಡ್ತಾ ಇಲ್ಲ. ಆಸ್ಪತ್ರೆಗೆ ಎತ್ಕೊಂಡೋಗಾನ ಬಾ” ಅಂದಳು ಪಂಕಜಾ.

“ಬಿಸಿಲು ಬಂದದೆ ಕಣವ್ವ, ಇವತ್ತೇ ಓಗಬೇಕು. ಆರೇ ಮನೆ. ಇಂಗೋಗಿ ಅಂಗೆ ಬಂದ್ಬುಡ್ತೀನಿ” ಅಂದು ಹೋದಳು.

ಆರು ಮನೆ ಹದಿನಾರು ಮನೆಯಾಯಿತು. ಒಂದು ಮನೆಯ ಮುದುಕಪ್ಪ ಏಳುವುದಿಲ್ಲ ಅಂತ ಹಟ ಹಿಡಿದ, ಅವನ ಜೊತೆ ಜಗಳ. ತಿರುಗಿ ಬಂದಾಗ ದೀಪ ಹಚ್ಚುವ ಹೊತ್ತು. ಕೂಸು ಹೋಗಿತ್ತು. ಪಂಕಜಾ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ತಲೆ ಎತ್ತಲಿಲ್ಲ.

“ಊರ್ ಗೋಡೆ ಎಲ್ಲ ಕುಟ್ಟಿ ನೋಡ್ದೆ. ನನ್ ಮಗಿನ ಎದೆ ಮುಟ್ಟಿ ನೋಡ್ಲಿಲ್ಲ ನೀನು. ನಿನ್ ದನಿ ಇನ್ನು ನನ್ ಕಿವಿಗೆ ಬೀಳಬಾರದು.”

ಮಗಳು ಅಂದದ್ದು ನಿಜ. ಅದು ನಿಜ ಅನ್ನುವುದು ದೇವಿರಮ್ಮನಿಗೆ ಯಾರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಸಂಕಟಕ್ಕೆ ಅವಳು ಇನ್ನೂ ಹೆಚ್ಚು ಬೈಗುಳದವಳಾದಳು.

ಆಮೇಲೆ ಪಂಕಜಾ ಗಂಡನ ಜೊತೆ ನಜರ್‌ಬಾದಿನ ಒಂದು ವಠಾರದಲ್ಲಿ ಬಾಡಿಗೆಗಿದ್ದಳು. ಮುಂದುಗಡೆ ಮಾಲೀಕರ ಮನೆ, ಅಂಗಳ ದಾಟಿದರೆ ಸಾಲಾಗಿ ಆರು ಕೋಣೆ. ಆರಕ್ಕೂ ಸೇರಿ ಹಿಂದುಗಡೆ ಒಂದೇ ಉದ್ದನೆಯ ಮಣ್ಣಿನ ಗೋಡೆ. ಮಾಲೀಕರು ಲಕ್ಷ್ಮೀನರಸಿಂಹಯ್ಯ, ಅರಮನೆಯ ಉಗ್ರಾಣದಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು. ಪಂಕಜಾ ಅಲ್ಲಿಗೆ ಬರುವುದಕ್ಕೆ ಮುಂಚೆ ಆ ವಠಾರಕ್ಕೆ ಪ್ರತಿ ವರ್ಷ ಸುಣ್ಣ ಬಳಿಯುತ್ತಿದ್ದವಳು ದೇವಿರಮ್ಮನೇ. ಒಂದು ವರ್ಷ ಅಯ್ಯನವರು ಅದು ಹೇಗೋ ಪರ್ಮಿಟ್ಟಿನ ಮೇಲೆ ಸಿಮೆಂಟು ಗಿಟ್ಟಿಸಿದರು. ಹಿಂದಿನ ಗೋಡೆಗೆ ಉದ್ದಕ್ಕೂ ಸಿಮೆಂಟು ಮೆತ್ತಿಸಿ, ಹೊಸ ಅಂಗಿ ಹಾಕಿಕೊಂಡ ಮದುವಣಿಗನ ಹಾಗೆ ಅದರ ಮುಂದೆ ನಿಂತರು.

“ಏನ್ ಮಾಡ್ಬುಟ್ರಿ ಸ್ವಾಮಿ?” ಅಂದಳು ದೇವಿರಮ್ಮ. “ಸುಣ್ಣ ಆದ್ರೆ ಮಣ್ಣು ಉಸಿರಾಡ್ತದೆ. ಇದು ಮೂಗು ಬಾಯಿ ಕಟ್ಟಿದಂಗಾಯ್ತು. ಎಂಚಿಂದ ಇಳಿಯೋ ನೀರು ಒಳಗೇ ನಿಲ್ತದೆ, ಆಚೆಗೆ ಒಂದು ಹನೀನೂ ಕಾಣಕಿಲ್ಲ. ಕಿತ್ತಾಕ್ಸಿ.”

“ಏನಮ್ಮ, ಅರಮನೆ ಗೋಡೆಗಳನ್ನ ಮೂವತ್ತು ವರ್ಷ ನೋಡಿದವನು ನಾನು, ನನಗೆ ಪಾಠ ಹೇಳೋಕೆ ಬಂದೆಯಾ? ಸುಣ್ಣದ ಗಿರಾಕಿ ತಪ್ಪಿಹೋಯ್ತಲ್ಲ, ಅದಕ್ಕೆ ಹೊಟ್ಟೆ ಉರಿ ನಿನಗೆ!”

ಆಮೇಲೆ ದೇವಿರಮ್ಮ ಅಂದ ಮಾತುಗಳನ್ನು ಬರೆಯುವ ಹಾಗಿಲ್ಲ. ಅಯ್ಯನವರ ಹೆಂಡತಿ ಅಲಮೇಲಮ್ಮ ಬೀದಿ ಕಡೆಯ ಕಿಟಕಿಗಳನ್ನೆಲ್ಲ ದಡದಡ ಮುಚ್ಚಿದರು. ಇನ್ನು ನನ್ನ ಹೊಸ್ತಿಲ ಹತ್ತಿರ ಸುಳಿದರೆ ಪೊಲೀಸರಿಗೆ ಹಿಡಿದುಕೊಡುತ್ತೇನೆ ಅಂದರು ಅಯ್ಯನವರು. ಇಂಥ ವಠಾರಕ್ಕೇ ಮಗಳು ಬಾಡಿಗೆಗೆ ಬಂದಳು. ಬೇರೆ ಮನೆ ಸಿಗಲಿಲ್ಲವೋ, ತಾಯಿ ಕಾಲಿಡಲಾಗದ ಜಾಗ ಅಂತಲೇ ಹುಡುಕಿಕೊಂಡು ಬಂದಳೋ, ಕೇಳುವ ಧೈರ್ಯ ಗಂಡನಿಗೂ ಇರಲಿಲ್ಲ.

ಏಕೀಕರಣವಾಗಿ ಎರಡನೇ ವರ್ಷ, ದಸರೆಗೆ ಇನ್ನೂ ವಾರವಿರುವಾಗ ಹಸ್ತ ಮಳೆ ಹಿಡಿಯಿತು. ಒಂಬತ್ತು ದಿನ. ಪಂಕಜಾಳಿಗೆ ಆಗ ಮೂರು ತಿಂಗಳ ಹೆಣ್ಣು ಕೂಸು. ನಾಲ್ಕನೇ ದಿನ ಕೋಣೆಗಳು ಸೋರುವುದಕ್ಕೆ ಶುರುವಾದಾಗ ಆರು ಸಂಸಾರವೂ ಪಕ್ಕದ ಬೀದಿಯ ಭಜನೆಮನೆಗೆ ಹೋಗಿ ಸೇರಿಕೊಂಡವು. ದೇವಿರಮ್ಮ ದಿನಾ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕುಂಬಾರಕೊಪ್ಪಲಿನಿಂದ ನಜರ್‌ಬಾದಿಗೆ ನಡೆದು ಬರುವಳು. ವಠಾರದ ಹಿಂದಿನ ಓಣಿಯಲ್ಲಿ ನಿಂತು ಆ ಗೋಡೆಯನ್ನು ನೋಡುವಳು, ಹೋಗುವಳು. ಮಗಳ ಮುಂದೆ ಸುಳಿಯಲಿಲ್ಲ. ಭಜನೆಮನೆಯ ಕಿಟಕಿಯಿಂದ ಹೆಂಗಸರು ನೋಡಿ ನಕ್ಕರು.

ಗೋಡೆ ಸಿಮೆಂಟಿನ ಅಂಗಿಯೊಳಗೆ ಲಕ್ಷಣವಾಗಿ ನಿಂತಿತ್ತು. ಒಂದು ಬಿರುಕಿಲ್ಲ. ಏಳನೇ ದಿನ ನಡುವಲ್ಲಿ ಒಂಚೂರು ಹೊಟ್ಟೆ ಬಂದ ಹಾಗೆ ಕಂಡಿತು ಅವಳಿಗೆ. ಒಂಬತ್ತನೇ ದಿನ ಬುಡದ ಉದ್ದಕ್ಕೂ ಬಿಳೀ ಉಪ್ಪಿನ ಗೆರೆ.

ಹತ್ತನೇ ದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ಬಿಸಿಲು.

ದೇವಿರಮ್ಮ ಮುಖವನ್ನೂ ತೊಳೆಯಲಿಲ್ಲ. ಓಡಿದಳು. ದಾರಿಯುದ್ದಕ್ಕೂ ಮೈಸೂರು ನಗುತ್ತಿತ್ತು. ಕಾಂಪೌಂಡಿನ ಮೇಲೆ ಹಾಸಿಗೆ, ಬೇಲಿಯ ಮೇಲೆ ಸೀರೆ, ಜಗಲಿಯ ಮೇಲೆ ಮುದುಕರು. “ಅಂತೂ ಬಿಸಿಲು ಬಂತಲ್ಲ ತಾಯಿ!” ಅಂದ ಒಬ್ಬ. ಅವನ ಬಾಯಿಗೆ ಮಣ್ಣು ಹಾಕಿ ಮುಂದಕ್ಕೆ ಓಡಿದಳು.

ವಠಾರ ಮುಟ್ಟುವ ಹೊತ್ತಿಗೆ ಎಂಟು ದಾಟಿತ್ತು. ಆರೂ ಸಂಸಾರ ಭಜನೆಮನೆ ಬಿಟ್ಟು ಬಂದಾಗಿತ್ತು. ಗಂಡಸರು ಕೆಲಸಕ್ಕೆ ಹೋಗಿದ್ದರು. ಹೆಂಗಸರು ಕೋಣೆಯ ಥಂಡಿ ಹೋಗಲಿ ಅಂತ ಒಳಗೆ ಮರದ ಹೊಟ್ಟಿನ ಒಲೆಗಳನ್ನು ಧಗಧಗ ಉರಿಸಿಕೊಂಡು ಕೂತಿದ್ದರು. ಹೊರಗಿನಿಂದ ಬಿಸಿಲು, ಒಳಗಿನಿಂದ ಬೆಂಕಿ. ದೇವಿರಮ್ಮ ಓಣಿಯಲ್ಲಿ ನಿಂತು ಗೋಡೆಗೆ ಕುಟ್ಟಿದಳು. ದಬ್. ಹತ್ತು ಹೆಜ್ಜೆ ಆಚೆ ಕುಟ್ಟಿದಳು. ದಬ್. ಮೂರನೇ ಸಲ ಕುಟ್ಟಿದಾಗ ಸಿಮೆಂಟಿನ ಹಿಂದುಗಡೆ ಏನೋ ಸರಸರ ಅಂತ ಜಾರಿದ ಸದ್ದು ಕೇಳಿಸಿತು.

ಅಂಗಳಕ್ಕೆ ನುಗ್ಗಿದಳು. “ಆಚೆ ಬನ್ರೇ! ಎಲ್ಲಾರೂ ಆಚೆ ಬನ್ನಿ! ಗೋಡೆ ಬೀಳ್ತದೆ!”

ಮೊದಲ ಕೋಣೆಯಿಂದ ಬಸಮ್ಮ ತಲೆ ಹಾಕಿದಳು. ಸೌದೆ ಡಿಪೋದಲ್ಲಿ ಕೆಲಸ ಮಾಡುವವನ ಹೆಂಡತಿ, ಮಾತಿನ ಮಲ್ಲಿ. “ಅಯ್ಯೋ, ಒಂಬತ್ತು ದಿನ ಮಳೆಗೆ ಬೀಳದ್ದು ಈ ಬಿಸಿಲಿಗೆ ಬಿದ್ದದಾ ದೇವಿರಮ್ಮಕ್ಕ? ಈಗ ತಾನೇ ಒಲೆ ಹತ್ತಿಸಿವ್ನಿ, ಓಗಕ್ಕ.” ಒಳಗಿನಿಂದ ಇನ್ಯಾರೋ ಕಿಸಕ್ಕೆಂದರು. ತಲೆಗಳೆಲ್ಲ ಮತ್ತೆ ಒಳಕ್ಕೆ.

ಕೊನೆಯ ಕೋಣೆಯ ಬಾಗಿಲು ಮಾತ್ರ ಆಗಲೇ ಮುಚ್ಚಿತ್ತು. ತಾಯಿಯ ದನಿ ಕೇಳಿದ್ದೇ ತಡ, ಪಂಕಜಾ ಅಗುಳಿ ಹಾಕಿಕೊಂಡಿದ್ದಳು. ಒಳಗೆ ಕೂಸು ಕುಯ್ ಅನ್ನುತ್ತಿತ್ತು.

ದೇವಿರಮ್ಮ ಒಂದು ಕ್ಷಣ ಅಂಗಳದ ನಡುವೆ ನಿಂತಳು. ಕೈಮುಗಿದು ಬೇಡಿಕೊಂಡರೆ ಇವರು ಬರುವುದಿಲ್ಲ. ಕಾರಣ ಬಿಡಿಸಿ ಹೇಳುತ್ತಾ ಕೂತರೆ ಅಷ್ಟು ಹೊತ್ತು ಗೋಡೆ ಕಾಯುವುದಿಲ್ಲ. ಒಬ್ಬೊಬ್ಬರನ್ನೇ ಎಳೆದು ಹಾಕೋಣ ಅಂದರೆ ಅವಳ ಆಳಿಗೆ ಆರು ಕೋಣೆ ಎಲ್ಲಿಗೆ? ಜನ ಒಲೆಯ ಮೇಲಿನ ಹಾಲು ಬಿಟ್ಟು ಓಡಿ ಬರುವುದು ಯಾವುದಕ್ಕೆ ಅಂತ ಅವಳಿಗೆ ಗೊತ್ತಿತ್ತು. ಸೆರಗು ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

“ಏನ್ರೀ ಲಕ್ಷ್ಮೀನರಸಿಂಹಯ್ಯನೋರೆ! ಬನ್ರೀ ಆಚೆ! ಅರಮನೆ ಉಗ್ರಾಣದ ಅಕ್ಕಿ ಯಾರ ಯಾರ ಮನೆಗೆ ಓಯ್ತು, ಇವತ್ತು ಬೀದೀಲಿ ಏಳ್ತೀನಿ!”

ಅಂಥದ್ದೇನೂ ಅವಳಿಗೆ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದನ್ನು ಎಸೆದಳು. ಸಾಕಾಯಿತು. ಬಸಮ್ಮ ಸೌಟು ಹಿಡಿದೇ ಆಚೆ ಬಂದಳು. ಎರಡನೇ ಕೋಣೆ, ಮೂರನೇ ಕೋಣೆ. ಅರ್ಧ ಹೆಣೆದ ಜಡೆ, ಕೈಗೆ ಮೆತ್ತಿದ ಹಿಟ್ಟು, ಸೊಂಟದ ಮೇಲೆ ಮಕ್ಕಳು. ಅಯ್ಯನವರು ಪಂಚೆ ಎತ್ತಿಕಟ್ಟುತ್ತಾ ಬಂದರು. ಅವರ ಹಿಂದೆ ಅಲಮೇಲಮ್ಮ. “ಏ, ಬಾಯಿ ಮುಚ್ಚೇ! ಯಾರ ಹತ್ತಿರ ಮಾತಾಡ್ತಿದ್ದೀಯ ಗೊತ್ತಾ?” ಅಂತ ಅಯ್ಯನವರು ಕೂಗಿದರು. ದೇವಿರಮ್ಮ ಬೈಯುತ್ತಾ ಬೈಯುತ್ತಾ ಹಿಂದಕ್ಕೆ ಹೆಜ್ಜೆ ಹಾಕಿದಳು, ಬಾಗಿಲು ದಾಟಿ ಬೀದಿಗೆ. ಒಂದು ಮಾತೂ ತಪ್ಪಿಹೋಗಬಾರದಲ್ಲ, ವಠಾರಕ್ಕೆ ವಠಾರವೇ ಅವಳ ಹಿಂದೆ ಬೀದಿಗೆ ಬಂತು.

ಐದು ಕೋಣೆ ಖಾಲಿ. ಆರನೆಯದರ ಅಗುಳಿ ತೆಗೆಯಲಿಲ್ಲ.

ದೇವಿರಮ್ಮ ಜನರ ನಡುವೆ ನುಗ್ಗಿಕೊಂಡು ಮತ್ತೆ ಅಂಗಳದ ಬಾಗಿಲಿಗೆ ಬಂದಳು. ಮಗಳನ್ನು ಬೈದಳು. ಅಡಿಗೆ ಬರದವಳೇ ಅಂದಳು, ಗಂಡನನ್ನು ಬಡವಾಗಿಸಿದವಳೇ ಅಂದಳು, ತೌರಿನ ಹೆಸರಿಗೆ ಮಸಿ ಬಳಿದವಳೇ ಅಂದಳು. ಬಾಗಿಲು ಅಲುಗಲಿಲ್ಲ. ಎರಡು ವರ್ಷದಿಂದ ಆ ದನಿಗೆ ಕಿವಿ ಮುಚ್ಚಿಕೊಂಡವಳು ಇಷ್ಟಕ್ಕೆಲ್ಲ ತೆರೆಯುತ್ತಾಳಾ? ಹಿಂದಿನ ಓಣಿಯಲ್ಲಿ ಒಂದು ಹೆಂಚು ಜಾರಿ ಫಳ್ ಅಂದಿತು. ಜಗಳದ ಗದ್ದಲದಲ್ಲಿ ಅದು ಕೇಳಿಸಿದ್ದು ಅವಳೊಬ್ಬಳಿಗೇ.

ಮಗಳು ಆಚೆ ಬರುವಂಥ ಮಾತು ಒಂದೇ ಒಂದಿತ್ತು. ಬರೀ ಅವಳಲ್ಲ, ಕೂಸನ್ನೂ ಎತ್ತಿಕೊಂಡು ಬರುವಂಥದ್ದು. ಅದು ಎಷ್ಟು ದೊಡ್ಡ ಸುಳ್ಳು ಅಂತ ದೇವಿರಮ್ಮನಿಗೆ ಗೊತ್ತಿತ್ತು. ಆಡಿದ ಮೇಲೆ ಅದನ್ನು ಹಿಂದಕ್ಕೆ ತರುವ ದಾರಿ ಇಲ್ಲ ಅಂತಲೂ ಗೊತ್ತಿತ್ತು. ಇಡೀ ಬೀದಿ ಕೇಳುವ ಹಾಗೆ ಆಡಿದಳು.

“ಒಂದ್ ಮಗೀನ ನುಂಗ್ಕೊಂಡೆ, ಇನ್ನೊಂದನ್ನೂ ನುಂಗಕ್ಕೆ ಬಾಗ್ಲಾಕ್ಕೊಂಡು ಕೂತಿದ್ದೀಯೇನೇ ಮಾರಿ? ಇಗೋ ಬಂದೆ, ಬಾಗ್ಲು ಒಡೆದು ಆ ಕೂಸ್ನ ಎತ್ಕೊಂಡೋಯ್ತೀನಿ. ನಿನ್ ಕೈಲಿದ್ರೆ ಅದೂ ಉಳಿಯಾಕಿಲ್ಲ!”

ಬಸಮ್ಮನ ಕೈಯಿಂದ ಸೌಟು ಬಿತ್ತು. ಬಾಗಿಲು ಗೋಡೆಗೆ ಬಡಿಯುವ ಹಾಗೆ ತೆರೆದುಕೊಂಡಿತು. ಪಂಕಜಾ ಬಂದಳು. ಎಡಗೈಯಲ್ಲಿ ಕೂಸನ್ನು ಎದೆಗೆ ಒತ್ತಿ ಹಿಡಿದಿದ್ದಳು, ಬಲಗೈಯಲ್ಲಿ ಪೊರಕೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಅಂಗಳ ದಾಟಿ ಬಂದವಳೇ ಹೆತ್ತ ತಾಯಿಯ ಮುಖಕ್ಕೆ ಬೀಸಿ ಹೊಡೆದಳು.

“ನಾನಾ ನುಂಗಿದ್ದು? ನಾನಾ? ಇನ್ನೊಂದ್ ಸಲ ಅನ್ನು!”

“ನೀನೇ ಕಣೇ!” ದೇವಿರಮ್ಮ ಹಿಂದಕ್ಕೆ ಒಂದು ಹೆಜ್ಜೆ. ಮತ್ತೊಂದು ಪೆಟ್ಟು. “ನೀನೇ!” ಇನ್ನೊಂದು ಹೆಜ್ಜೆ. ಹೀಗೆ ಪೆಟ್ಟು ತಿನ್ನುತ್ತಾ ಮಗಳನ್ನೂ ಕೂಸನ್ನೂ ಬೀದಿಯ ಆಚೆ ಬದಿಯ ಹೊಂಗೆಮರದವರೆಗೆ ಎಳೆದುಕೊಂಡು ಹೋದಳು. ಬಿಡಿಸುವುದಕ್ಕೆ ಅಂತ ಎಲ್ಲರೂ ಅವರ ಸುತ್ತ ಮುಗಿಬಿದ್ದರು.

ಗೋಡೆ ಬಿದ್ದದ್ದು ಆಗ. ದೊಡ್ಡ ಸದ್ದೇನೂ ಆಗಲಿಲ್ಲ. ನೆನೆದ ಮಣ್ಣು, ಧೂಳೂ ಏಳಲಿಲ್ಲ. ಸಿಮೆಂಟಿನ ಅಂಗಿ ಹಾಗೇ ಓಣಿಯ ಕಡೆ ಮಗುಚಿತು, ಒಳಗಿನ ಮಣ್ಣು ಕೋಣೆಗಳ ಕಡೆ ಕುಸಿಯಿತು, ಆರೂ ಕೋಣೆಯ ಹೆಂಚು ಒಂದರ ಮೇಲೊಂದು ಜಾರಿ ಇಳಿದವು. ಅದರಡಿಯಿಂದ ಒಲೆಗಳ ಹೊಗೆ ಒಂದಿಷ್ಟು ಹೊತ್ತು ಏಳುತ್ತಿತ್ತು.

ಅಯ್ಯನವರು ಪಂಚೆಯ ತುದಿ ಹಿಡಿದುಕೊಂಡು ಹಾಗೇ ಕುಸಿದು ಕೂತರು. ಆಮೇಲೆ ಬಸಮ್ಮನಿಗೆ ಹೊಳೆಯಿತು. ಓಡಿ ಬಂದು ದೇವಿರಮ್ಮನ ಕಾಲು ಹಿಡಿದುಕೊಂಡಳು.

“ಬೇಕಂತಲೇ ಬೈದೆಯಾ ನಮ್ಮವ್ವ? ನಮ್ಮನ್ನ ಆಚೆಗೆ ತರಕ್ಕೇ ಬೈದೆಯಾ? ಪಂಕಜಾ, ನೋಡೇ, ನಿಮ್ಮವ್ವ ನಿನ್ನ ಉಳಿಸಕ್ಕೆ ಅಂದದ್ದು ಕಣೇ ಆ ಮಾತು!”

ಪಂಕಜಾ ತನ್ನ ಕೋಣೆಯಿದ್ದ ಜಾಗವನ್ನೇ ನೋಡುತ್ತಿದ್ದಳು. ತೊಟ್ಟಿಲು ಕಟ್ಟಿದ್ದ ತೊಲೆ ಎರಡು ತುಂಡಾಗಿ ಮಣ್ಣಿನಿಂದ ಮೇಲೆದ್ದಿತ್ತು. ಕೂಸಿನ ತಲೆಯನ್ನು ಕೈಯಲ್ಲಿ ಮುಚ್ಚಿಕೊಂಡು ತಾಯಿಯ ಕಡೆ ತಿರುಗಿದಳು. ಸಿಟ್ಟಿನ ಕೂಗು ಬಿಟ್ಟರೆ, ಎರಡು ವರ್ಷದ ಮೇಲೆ ಮುಖ ನೋಡಿ ಆಡಿದ ಮೊದಲ ಮಾತು.

“ಬೇರೆ ಮಾತು ಸಿಗಲಿಲ್ವಾ ನಿಂಗೆ?”

“ಬೇರೆ ಮಾತಿಗೆ ನೀನು ಬತ್ತಿರಲಿಲ್ಲ” ಅಂದಳು ದೇವಿರಮ್ಮ. ಅವಳ ತುಟಿ ಒಡೆದು ರಕ್ತ ಇಳಿಯುತ್ತಿತ್ತು.

“ಗೋಡೆ ಮೈಮೇಲೆ ಬಿದ್ದಿದ್ರೆ ಒಂದೇ ಸಲ ಸಾಯ್ತಿದ್ದೆ.” ಅಷ್ಟು ಹೇಳಿ ಪಂಕಜಾ ಕೂಸನ್ನು ಎತ್ತಿಕೊಂಡು ಸಾಮಿಲ್ಲಿನ ಕಡೆ ನಡೆದಳು. ದೇವಿರಮ್ಮ ಹೊಂಗೆಮರದ ಬುಡದಲ್ಲಿ ಕೂತಳು. ಗಂಡ ಸತ್ತಾಗ ಅಳದವಳು ಅವತ್ತು ಬೀದಿಯಲ್ಲಿ ಎಲ್ಲರೆದುರಿಗೆ ಹೋ ಅಂತ ಅತ್ತಳು.

ಆದರೂ ಜನ ಜನವೇ. ಲಕ್ಷ್ಮೀನರಸಿಂಹಯ್ಯನವರು ಆರು ತಿಂಗಳೊಳಗೆ ಇಟ್ಟಿಗೆಯ ಕೋಣೆ ಕಟ್ಟಿಸಿದರು. ಆ ಹೆಂಗಸು ಮನೆ ಬಿದ್ದುಹೋಗಲಿ ಅಂತ ಶಾಪ ಹಾಕಿದಳು, ಅದಕ್ಕೇ ಗೋಡೆ ಬಿತ್ತು ಅಂತ ಸಾಯುವವರೆಗೂ ಹೇಳಿಕೊಂಡು ತಿರುಗಿದರು. ಬಸಮ್ಮ ನಾಲ್ಕು ದಿನ ಹೊಗಳಿದಳು. ಐದನೇ ದಿನ ನಲ್ಲಿಯ ಹತ್ತಿರ, “ಏನೇ ಆಗ್ಲಿ, ಹೆತ್ತವಳು ಅಂಥ ಮಾತು ಆಡಬಾರದಿತ್ತು” ಅಂದಳು. ಮಹದೇವು ಒಬ್ಬನೇ ಕುಂಬಾರಕೊಪ್ಪಲಿಗೆ ಬಂದು ಅತ್ತೆಯ ಕಾಲಿಗೆ ಬಿದ್ದು ಹೋದ. ಹೆಂಡತಿಗೆ ಹೇಳಬೇಡಿ ಅಂದ.

ಮುಂದಿನ ವರ್ಷದ ಹಿಂಗಾರಿಗೆ ದೇವಿರಮ್ಮನ ಮಂಡಿ ಹಿಡಿದಿತ್ತು. ಊರ ಗೋಡೆ ಸುತ್ತುವುದು ನಿಂತಿತು. ಊರಿಗೆಲ್ಲ ಬುದ್ಧಿ ಹೇಳಿದವಳ ಸ್ವಂತ ಮನೆಯ ಗೋಡೆಗೆ ನಾಲ್ಕು ವರ್ಷದಿಂದ ಹಿಡಿ ಮಣ್ಣು ಬಿದ್ದಿರಲಿಲ್ಲ. ಏಳು ದಿನದ ಮಳೆ ನಿಂತು ಬಿಸಿಲು ಬಿದ್ದ ಬೆಳಿಗ್ಗೆ, ಅವಳು ಕಂಬಳಿಯೊಳಗೆ ಮಲಗಿಯೇ ಇದ್ದಳು. ಎದ್ದು ಏನಾಗಬೇಕಿತ್ತು? ಬಿದ್ದರೆ ಬೀಳಲಿ ಅನ್ನಿಸಿತ್ತು.

ಬೀದಿಯಿಂದ ಒಂದು ದನಿ ಸಿಡಿಯಿತು.

“ಬಾರೇ ಆಚೆ! ಬಾರೇ ಮುದುಕಿ! ನಿನ್ ಬಾಯ್ಗೆ ಮಣ್ಣಾಕ, ನಿನ್ ನಾಲ್ಗೆ ಸೇದೋಗ, ಬಾರೇ ಆಚೆ ಅಂದ್ರೆ!”

ಕುಂಬಾರಕೊಪ್ಪಲು ಹಾಲು ಬಿಟ್ಟು ಓಡಿ ಬಂತು. ಪಂಕಜಾ ಬೀದಿಯ ನಡುವೆ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು. ನಜರ್‌ಬಾದಿನ ಆ ಒಂದು ಮಾತನ್ನು ಮತ್ತೆ ಮತ್ತೆ ಎತ್ತಿ ಆಡಿ ತಾಯಿಯನ್ನು ಉಗಿದಳು. ಬಾಯಿ ಸತ್ತವಳು ಅಂದುಕೊಂಡಿದ್ದ ಹುಡುಗಿಗೆ ಇಷ್ಟು ಬೈಗುಳ ಎಲ್ಲಿಂದ ಬಂತು ಅಂತ ಜನ ಬೆರಗಾದರು. ದೇವಿರಮ್ಮ ಗೋಡೆ ಹಿಡಿದುಕೊಂಡು ಆಚೆ ಬಂದಳು. ಅಂಗಳದ ಒರಳುಕಲ್ಲಿನ ಮೇಲೆ ಕೂತಳು. ಒಳಗೆ ಹೋಗೋಣ ಅಂತ ಒಂದು ಸಲ ಎದ್ದರೆ, “ಕೂತ್ಕೊಳೇ! ಇನ್ನೂ ಮುಗಿದಿಲ್ಲ!” ಅಂತ ಪಂಕಜಾ 	ಗದರಿದಳು. ಬೈಯುತ್ತಾ ಬೈಯುತ್ತಾ ಸಿಟ್ಟು ತಡೆಯಲಾರದವಳ ಹಾಗೆ ಮನೆಯ ಗೋಡೆಗೆ ಅಲ್ಲಲ್ಲಿ ಕೈಯಿಂದ ಗುದ್ದಿದಳು. ನೆರಳು ಕಾಲಡಿಗೆ ಬರುವವರೆಗೂ ಬೈದು, ಒಂದು ತೊಟ್ಟು ನೀರೂ ಮುಟ್ಟದೆ ಹೋದಳು. ಮೂರು ದಿನ ಅದೇ. ಮೂರನೇ ದಿನ ಮಧ್ಯಾಹ್ನ ಗುದ್ದಿದಾಗ ಗೋಡೆ ಠಣ್ ಅಂದಿತು. ನಾಲ್ಕನೇ ದಿನ ಬರಲಿಲ್ಲ.

ಮರುವರ್ಷವೂ ಬಂದಳು. ಅದರ ಮರುವರ್ಷವೂ. ಹಬ್ಬಕ್ಕೆ ಬರಲಿಲ್ಲ, ಹುಷಾರಿಲ್ಲ ಅಂದಾಗ ಬರಲಿಲ್ಲ, ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿದಳು. ಮಳೆ ನಿಂತು ಬಿಸಿಲು ಬಿದ್ದ ಬೆಳಿಗ್ಗೆ ಮಾತ್ರ ತಪ್ಪಲಿಲ್ಲ. ಅರವತ್ತಮೂರನೇ ಇಸವಿಯಲ್ಲಿ ದೇವಿರಮ್ಮನಿಗೆ ಏಳುವುದಕ್ಕೇ ಆಗದಿದ್ದಾಗ, ಬೈಯುತ್ತಲೇ ಒಳಗೆ ಹೋಗಿ, ಬೈಯುತ್ತಲೇ ಅವಳನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅಂಗಳದ ಚಾಪೆಯ ಮೇಲೆ ಕುಕ್ಕಿದಳು.

ಅವತ್ತು ಪಂಕಜಾ ಬೀದಿ ತಿರುಗಿ ಮರೆಯಾದ ಮೇಲೆ ಪಕ್ಕದ ಮನೆಯ ಸರೋಜಮ್ಮ ತಡೆಯಲಾರದೆ ಬಂದಳು. “ಏನ್ ಮಗಳು ದೇವಿರಮ್ಮಕ್ಕ ಇವಳು? ವರ್ಷ ವರ್ಷ ಬಂದು ಹೆತ್ತವಳಿಗೆ ಇಂಗೆ ಬೈತಾಳಲ್ಲ. ಒಂದ್ ಬೈಗುಳನಾದ್ರೂ ಬಿಟ್ಟಳಾ?”

ದೇವಿರಮ್ಮ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ತನ್ನ ಮನೆಯ ಗೋಡೆಯನ್ನು ನೋಡುತ್ತಿದ್ದಳು.

“ಬೆಳಿಗ್ಗೆಯಿಂದ ಬೈದಳಲ್ಲ, ನಿನ್ ಮನೆ ಬಿದ್ದೋಗ ಅಂತ ಒಂದ್ ಸಲ ಅಂದಳೇನೇ? ನಿನ್ ಕಣ್ಣು ಇಂಗೋಗ, ಸುಮ್ಕೆ ಓಗಿ ನಿನ್ ಒಲೆ ನೋಡೋಗು.”